ಹೆಚ್ಚು ಓದಿದರೆ ಅಂಕ ಕಡಿಮೆಯೇ?

ಕಳೆದ ನವೆಂಬರ್‌ನಲ್ಲಿ ನಮ್ಮ ಭಿತ್ತಿಪತ್ರಿಕೆಗೆ ಒಂದು ಶೀರ್ಷಿಕೆ ಸಿದ್ಧವಾಗಿತ್ತು: "ಹೆಚ್ಚು ಹೊತ್ತು ಓದುವವರಿಗೆ ಕಡಿಮೆ ಅಂಕ!" ಕೊನೆಯ ಆಶ್ಚರ್ಯಸೂಚಕ ಚಿಹ್ನೆಯನ್ನು ಕೆಂಪು ಸ್ಕೆಚ್ ಪೆನ್ನಿನಲ್ಲಿ ನಾನೇ ಹಾಕಿದ್ದೆ. ಅದು ಗೋಡೆಗೆ ಏರಲಿಲ್ಲ. ಯಾಕೆ ಏರಲಿಲ್ಲ ಎಂಬುದನ್ನೂ, ಅದನ್ನು ತಡೆದ ಒಂದು ಉಚಿತ ವೆಬ್ ಆ್ಯಪ್ ಬಗ್ಗೆಯೂ ಬರೆಯಬೇಕೆಂದು ಸಂಪಾದಕ ಮಂಡಳಿ ಕೇಳಿದ್ದರಿಂದ ಈ ಲೇಖನ.

ಸಂಖ್ಯಾಶಾಸ್ತ್ರದ ಪ್ರಾಜೆಕ್ಟಿಗಾಗಿ ನಾವು ನಾಲ್ವರು ದ್ವಿತೀಯ ಪಿಯುಸಿಯ ವಿಜ್ಞಾನ, ವಾಣಿಜ್ಯ, ಕಲಾ ಮೂರೂ ವಿಭಾಗಗಳಿಗೆ ಚೀಟಿ ಹಂಚಿದ್ದೆವು. ಪ್ರಶ್ನೆಗಳು ಎರಡೇ. ದಿನಕ್ಕೆ ಮನೆಯಲ್ಲಿ ಎಷ್ಟು ಗಂಟೆ ಓದುತ್ತೀರಿ? ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಶೇಕಡಾ ಎಷ್ಟು ಬಂತು? ನೂರಕ್ಕೂ ಹೆಚ್ಚು ಚೀಟಿಗಳು ಮರಳಿ ಬಂದವು. ಗ್ರಾಫ್ ಹಾಳೆಯ ಅಡ್ಡಗೆರೆಯಲ್ಲಿ ಗಂಟೆ, ಉದ್ದಗೆರೆಯಲ್ಲಿ ಅಂಕ ಇಟ್ಟು ಚುಕ್ಕೆ ಹಾಕುತ್ತ ಹೋದೆವು. ಚುಕ್ಕೆಗಳು ಎಡದಿಂದ ಬಲಕ್ಕೆ ಇಳಿಯುತ್ತಿದ್ದವು. ಗಂಟೆ ಹೆಚ್ಚಿದಂತೆ ಅಂಕ ಕಡಿಮೆ! ಹಾಸ್ಟೆಲ್ ಹುಡುಗಿಯರಿಗೆ ಸುದ್ದಿ ತಲುಪಿದ್ದೇ ತಡ, ಹಬ್ಬದ ವಾತಾವರಣ. ಮನೆಯಲ್ಲಿ ಹತ್ತನೇ ತರಗತಿಯ ನನ್ನ ತಮ್ಮ ಪುಸ್ತಕ ಮುಚ್ಚಿ, "ಅಮ್ಮೀ, ಆಪಾ ಕಾಲೇಜಲ್ಲಿ ಲೆಕ್ಕ ಹಾಕಿಯೇ ಕಂಡುಹಿಡಿದಿದ್ದಾಳೆ, ನಾನು ಅಂಕ ಕಳೆದುಕೊಳ್ಳಲಾರೆ" ಎಂದು ಆಡಲು ಹೊರಟ.

ಸಂಖ್ಯಾಶಾಸ್ತ್ರದ ಮ್ಯಾಡಂ ಹಾಳೆಯನ್ನು ಬಹಳ ಹೊತ್ತು ನೋಡಿದರು. ತಪ್ಪು ಎನ್ನಲಿಲ್ಲ. "ಇದನ್ನ ಅಂಟಿಸೋ ಮೊದಲು ಶನಿವಾರ ಲ್ಯಾಬಿಗೆ ಬನ್ನಿ, ನಿಮಗೆ ಪೆಂಗ್ವಿನ್ ತೋರಿಸ್ತೇನೆ" ಎಂದರು. ನಾವು ಮುಖ ಮುಖ ನೋಡಿಕೊಂಡೆವು.

ಶನಿವಾರ ಮ್ಯಾಡಂ ತೆರೆಸಿದ್ದು ಕೋಡ್ಯಾಪ್ ಎಂಬ ವೆಬ್ ಆ್ಯಪ್. ಅಮೆರಿಕದ ಕಾನ್‌ಕಾರ್ಡ್ ಕನ್ಸಾರ್ಷಿಯಂ ಎಂಬ ಲಾಭರಹಿತ ಶಿಕ್ಷಣ ಸಂಸ್ಥೆ ಇದನ್ನು ಶಾಲಾ ಕಾಲೇಜು ವಿದ್ಯಾರ್ಥಿಗಳಿಗೆಂದೇ ರೂಪಿಸಿದೆ. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಹಣ ಕೊಡಬೇಕಿಲ್ಲ, ಫೋನ್ ನಂಬರ್ ಕೊಟ್ಟು ಓಟಿಪಿಗಾಗಿ ಕಾಯಬೇಕಿಲ್ಲ. ಬ್ರೌಸರ್ ಇದ್ದರೆ ಸಾಕು. ಮೊಬೈಲಿನಲ್ಲೂ ತೆರೆದುಕೊಳ್ಳುತ್ತದೆ, ಆದರೆ ಅಷ್ಟು ಚಿಕ್ಕ ಪರದೆಯಲ್ಲಿ ಎಳೆದು ಬಿಡುವ ಕೆಲಸ ಬೆರಳಿಗೆ ಕಷ್ಟ. ನಮ್ಮ ಲ್ಯಾಬಿನ ಹಳೆಯ ಕಂಪ್ಯೂಟರ್‌ಗಳೇ ವಾಸಿ.

ಮ್ಯಾಡಂ ಪೆನ್‌ಡ್ರೈವಿನಲ್ಲಿ ತಂದಿದ್ದ ಕಡತದಲ್ಲಿ 344 ಪೆಂಗ್ವಿನ್‌ಗಳಿದ್ದವು. ಕಥೆಯ ಪೆಂಗ್ವಿನ್‌ಗಳಲ್ಲ, ನಿಜವಾಗಿ ಹಿಡಿದು ಅಳೆದು ಬಿಟ್ಟ ಹಕ್ಕಿಗಳು. ಅಂಟಾರ್ಕ್ಟಿಕಾದಲ್ಲಿ ಅಮೆರಿಕದ ಪಾಮರ್ ಎಂಬ ಸಂಶೋಧನಾ ಕೇಂದ್ರವಿದೆ. ಅದರ ಸುತ್ತಮುತ್ತಲ ಬಿಸ್ಕೋ, ಡ್ರೀಮ್, ಟಾರ್ಗರ್ಸನ್ ಎಂಬ ಮೂರು ದ್ವೀಪಗಳಲ್ಲಿ 2007ರಿಂದ 2009ರವರೆಗೆ ಕ್ರಿಸ್ಟನ್ ಗೊರ್ಮನ್ ಎಂಬ ವಿಜ್ಞಾನಿ ಮತ್ತು ಅವರ ತಂಡ ಗೂಡು ಕಟ್ಟುವ ಕಾಲದಲ್ಲಿ ಈ ಅಳತೆಗಳನ್ನು ಸಂಗ್ರಹಿಸಿತು. ಕೊಕ್ಕಿನ ಉದ್ದ, ಕೊಕ್ಕಿನ ದಪ್ಪ (ಮೇಲಿನಿಂದ ಕೆಳಕ್ಕೆ), ಈಜುವ ರೆಕ್ಕೆಯ ಉದ್ದ, ದೇಹದ ತೂಕ. ಜೊತೆಗೆ ಪ್ರಭೇದ, ದ್ವೀಪ, ಗಂಡೋ ಹೆಣ್ಣೋ, ಯಾವ ವರ್ಷ. ಅಡೇಲಿ ಪ್ರಭೇದದವು 152, ಚಿನ್‌ಸ್ಟ್ರ್ಯಾಪ್ 68, ಜೆಂಟೂ 124. 2014ರಲ್ಲಿ ಸಂಶೋಧನಾ ಪ್ರಬಂಧ ಪ್ರಕಟವಾಯಿತು. 2020ರಲ್ಲಿ ಗೊರ್ಮನ್ ಅವರೂ ಸೇರಿ ಮೂವರು ಈ ದತ್ತಾಂಶವನ್ನು ಕಲಿಯುವವರಿಗೆ ಅನುಕೂಲವಾಗುವಂತೆ ಅಚ್ಚುಕಟ್ಟು ಮಾಡಿ ಹಂಚಿದರು. ಯಾರು ಬೇಕಾದರೂ ಬಳಸಬಹುದು, ಯಾರ ಅನುಮತಿಯೂ ಬೇಡ.

ಅದಕ್ಕೂ ಮೊದಲು ಜಗತ್ತಿನ ಹೆಚ್ಚಿನ ತರಗತಿಗಳಲ್ಲಿ ಇಂಥ ಅಭ್ಯಾಸಕ್ಕೆ ಬಳಸುತ್ತಿದ್ದದ್ದು ಐರಿಸ್ ಎಂಬ ಹೂವಿನ 150 ಸಾಲುಗಳ ದತ್ತಾಂಶ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1936ರಲ್ಲಿ ಅದನ್ನು ಬಳಸಿ ಪ್ರಬಂಧ ಬರೆದರು. ಅದು ಪ್ರಕಟವಾದದ್ದು ಯೂಜೆನಿಕ್ಸ್‌ನ, ಅಂದರೆ ಮನುಷ್ಯರಲ್ಲಿ "ಒಳ್ಳೆಯ ತಳಿ"ಯನ್ನಷ್ಟೇ ಬೆಳೆಸಬೇಕೆಂಬ ವಾದದ, ಪತ್ರಿಕೆಯಲ್ಲಿ. ಹೂವುಗಳದ್ದೇನೂ ತಪ್ಪಿಲ್ಲ. ಆದರೂ ಪೆಂಗ್ವಿನ್ ಬಂದದ್ದು ಹಲವು ಶಿಕ್ಷಕರಿಗೆ ಸಮಾಧಾನ ತಂದಿತಂತೆ. ನನಗಂತೂ ಹೂವಿನ ದಳ ಅಳೆಯುವುದಕ್ಕಿಂತ ಪೆಂಗ್ವಿನ್ನೇ ಇಷ್ಟ.

ಈಗ ಕೆಲಸಕ್ಕೆ ಬರೋಣ. ಕೋಡ್ಯಾಪ್‌ನಲ್ಲಿ ಹೊಸ ಕಡತ ತೆರೆದರೆ ಖಾಲಿ ಅಂಗಳದಂಥ ಪರದೆ ಬರುತ್ತದೆ. ದತ್ತಾಂಶವು ಸಿಎಸ್‌ವಿ ಕಡತವಾಗಿರಬೇಕು. ಹೆಸರು ದೊಡ್ಡದು, ವಿಷಯ ಸಣ್ಣದು: ಪ್ರತಿ ಸಾಲಿನಲ್ಲೂ ಅಂಕಿಗಳ ನಡುವೆ ಅಲ್ಪವಿರಾಮ ಹಾಕಿದ ಸರಳ ಪಠ್ಯ, ಅಷ್ಟೇ. ಮೊದಲ ಸಾಲಿನಲ್ಲಿ ಶೀರ್ಷಿಕೆಗಳು. ಎಕ್ಸೆಲ್‌ನಿಂದ ಹಾಗೆ ಉಳಿಸಿಕೊಳ್ಳಬಹುದು. ಆ ಕಡತವನ್ನು ಮೌಸಿನಿಂದ ಹಿಡಿದು ಬ್ರೌಸರ್ ಕಿಟಕಿಯೊಳಗೆ ಎಳೆದು ಬಿಟ್ಟರೆ ಕೋಷ್ಟಕ ತಾನಾಗಿ ತೆರೆದುಕೊಳ್ಳುತ್ತದೆ. ಒಂದು ಸಾಲಿಗೆ ಒಂದು ಹಕ್ಕಿ, ಒಂದು ಕಂಬಕ್ಕೆ ಒಂದು ಗುಣ. ಮೆನುವಿನಲ್ಲಿ ಇಂಪೋರ್ಟ್ ಎಂಬ ದಾರಿಯೂ ಇದೆ. ಮೂಲ ಕಡತದಲ್ಲಿ ಅಳತೆ ಸಿಗದ ಕಡೆ ಎನ್‌ಎ ಎಂಬ ಎರಡಕ್ಷರ ಬರೆದಿರುತ್ತಾರೆ. ಮ್ಯಾಡಂ ಅವನ್ನು ಮೊದಲೇ ಎಕ್ಸೆಲ್‌ನಲ್ಲಿ ಖಾಲಿ ಮಾಡಿ ತಂದಿದ್ದರು. ಸೊನ್ನೆ ಹಾಕಿರಲಿಲ್ಲ. ಎರಡು ಹಕ್ಕಿಗಳ ಒಂದು ಅಳತೆಯೂ ಇಲ್ಲ. ಅಲ್ಲಿ ಸೊನ್ನೆ ಹಾಕಿದ್ದರೆ ಕೊಕ್ಕೂ ಇಲ್ಲದ, ತೂಕವೂ ಇಲ್ಲದ ಎರಡು ಪೆಂಗ್ವಿನ್‌ಗಳು ನಮ್ಮ ಸರಾಸರಿಯನ್ನು ಕೆಳಕ್ಕೆ ಎಳೆಯುತ್ತಿದ್ದವು.

ಮೇಲ್ಗಡೆಯ ಗ್ರಾಫ್ ಗುಂಡಿ ಒತ್ತಿದಾಗ ಆದದ್ದನ್ನು ನಾನು ಮರೆಯಲಾರೆ. ಮುನ್ನೂರಕ್ಕೂ ಮಿಕ್ಕಿದ ಚುಕ್ಕೆಗಳು ಪೆಟ್ಟಿಗೆಯೊಳಗೆ ಚೆಲ್ಲಿದ ಸಾಸಿವೆಯಂತೆ ಎಲ್ಲೆಂದರಲ್ಲಿ ಬಿದ್ದಿದ್ದವು. ಕೋಷ್ಟಕದಿಂದ ಕೊಕ್ಕಿನ ಉದ್ದ ಎಂಬ ಶೀರ್ಷಿಕೆಯನ್ನು ಹಿಡಿದು ಅಡ್ಡಗೆರೆಗೆ ತಂದು ಬಿಟ್ಟೆ. ಚುಕ್ಕೆಗಳೆಲ್ಲ ಓಡಿಹೋಗಿ ತಮ್ಮ ತಮ್ಮ ಅಳತೆಯ ಮೇಲೆ ನಿಂತವು. ಕೊಕ್ಕಿನ ದಪ್ಪವನ್ನು ಉದ್ದಗೆರೆಗೆ ಬಿಟ್ಟೆ. ಮತ್ತೆ ಓಡಿದವು, ಬೆಲ್ ಹೊಡೆದ ಕೂಡಲೇ ಅಸೆಂಬ್ಲಿಗೆ ಸಾಲು ನಿಲ್ಲುವ ಹಾಗೆ. ನಾವು ಎರಡು ತಾಸು ಕೈಯಲ್ಲಿ ಹಾಕಿದ ಚುಕ್ಕೆಗಳು ಇಲ್ಲಿ ಎರಡು ಎಳೆತದಲ್ಲಿ ಮುಗಿದವು.

"ಏನು ಕಾಣುತ್ತೆ?" ಮ್ಯಾಡಂ ಕೇಳಿದರು.

ಪಟ್ಟಿಯ ಚಿತ್ರವಿರುವ ಗುಂಡಿಯಲ್ಲಿ ಕನಿಷ್ಠ ವರ್ಗಗಳ ರೇಖೆ ಎಂಬ ಆಯ್ಕೆ ಇದೆ. ನಾವು ಪಠ್ಯಪುಸ್ತಕದಲ್ಲಿ ಹತ್ತು ಸಾಲು ಲೆಕ್ಕ ಮಾಡಿ ಹುಡುಕುವ ಹಿಂಚಲನೆಯ ರೇಖೆ ಅದೇ. ಹಾಕಿದೆವು. ರೇಖೆ ಎಡದಿಂದ ಬಲಕ್ಕೆ ಇಳಿಯಿತು. ಕಾರ್ಲ್ ಪಿಯರ್ಸನ್ನರ ಸಹಸಂಬಂಧ ಗುಣಾಂಕ ಲೆಕ್ಕ ಹಾಕಿದರೆ ಸುಮಾರು −0.24. "ಉದ್ದ ಕೊಕ್ಕಿನ ಹಕ್ಕಿಗೆ ತೆಳು ಕೊಕ್ಕು, ಮ್ಯಾಡಂ" ಎಂದೆ. ನಮ್ಮ ಗುಂಪಿನಲ್ಲಿ ಯಾರೂ ಬೇರೆ ಮಾತಾಡಲಿಲ್ಲ. ಎದುರಿಗೇ ಇತ್ತಲ್ಲ.

ಮ್ಯಾಡಂ ಪ್ರಭೇದ ಎಂಬ ಕಂಬವನ್ನು ಎಳೆದು ಗ್ರಾಫಿನ ನಟ್ಟನಡುವೆ ಬಿಟ್ಟರು. ಮೂರು ಬಣ್ಣಗಳು ಬಂದವು. ಆಗಲೇ ಕಂಡದ್ದು: ಅದು ಒಂದು ಗುಂಪಲ್ಲ, ಮೂರು. ಅಡೇಲಿಗಳು ಎಡಗಡೆ ಮೇಲೆ, ಗಿಡ್ಡ ಆದರೆ ದಪ್ಪ ಕೊಕ್ಕು. ಚಿನ್‌ಸ್ಟ್ರ್ಯಾಪ್‌ಗಳು ಬಲಗಡೆ ಮೇಲೆ. ಜೆಂಟೂಗಳು ಬಲಗಡೆ ಕೆಳಗೆ, ಉದ್ದ ಆದರೆ ತೆಳು. ಒಂದೊಂದು ಬಣ್ಣದ ಗುಂಪನ್ನು ಬೇರೆಯಾಗಿ ನೋಡಿದರೆ ಚುಕ್ಕೆಗಳು ಏರುತ್ತಿದ್ದವು!

ಕಣ್ಣನ್ನು ನಂಬದೆ ಪರೀಕ್ಷಿಸಿದೆವು. ಬಣ್ಣದ ಸೂಚಿಯಲ್ಲಿ ಅಡೇಲಿ ಎಂಬುದನ್ನು ಒತ್ತಿದರೆ ಅಷ್ಟೂ ಅಡೇಲಿಗಳು ಆಯ್ಕೆಯಾಗುತ್ತವೆ. ಕಣ್ಣಿನ ಚಿತ್ರವಿರುವ ಗುಂಡಿಯಲ್ಲಿ "ಆಯ್ಕೆಯಾಗದವನ್ನು ಮರೆಮಾಡು" ಎಂಬ ಅರ್ಥದ ಸಾಲು ಇದೆ. ಒತ್ತಿದೆವು. ಉಳಿದ ಹಕ್ಕಿಗಳು ಮಾಯ. ಅಡೇಲಿಗಳದ್ದಷ್ಟೇ ರೇಖೆ ಮೇಲಕ್ಕೆ ಏರಿತು, ಗುಣಾಂಕ ಸುಮಾರು 0.39. ಚಿನ್‌ಸ್ಟ್ರ್ಯಾಪ್‌ಗಳದ್ದು 0.65. ಜೆಂಟೂಗಳದ್ದು 0.64. ಮೂರರಲ್ಲಿ ಮೂರೂ ಧನ. ಒಟ್ಟು ಸೇರಿಸಿದರೆ ಮಾತ್ರ ಋಣ. ಜೆಂಟೂ ಎಂಬ ದೊಡ್ಡ ಹಕ್ಕಿಯ ಕೊಕ್ಕು ಹುಟ್ಟಿನಿಂದಲೇ ಉದ್ದ ಮತ್ತು ತೆಳು. ಆ 124 ಹಕ್ಕಿಗಳು ಕೆಳಗಿನ ಮೂಲೆಯಲ್ಲಿ ಕುಳಿತು ಇಡೀ ರೇಖೆಯನ್ನು ತಮ್ಮ ಕಡೆಗೆ ಬಗ್ಗಿಸಿದ್ದವು. ಉದ್ದಕ್ಕೂ ದಪ್ಪಕ್ಕೂ ಇರುವ ನಂಟನ್ನು ನಾವು ಕೇಳಿದ್ದೆವು. ರೇಖೆ ಹೇಳಿದ್ದು ಜೆಂಟೂಗೂ ಅಡೇಲಿಗೂ ಇರುವ ವ್ಯತ್ಯಾಸವನ್ನು.

ಇದಕ್ಕೆ ಸಿಂಪ್ಸನ್ನರ ವಿರೋಧಾಭಾಸ ಎನ್ನುತ್ತಾರೆ. ಎಡ್ವರ್ಡ್ ಸಿಂಪ್ಸನ್ 1951ರಲ್ಲಿ ಇದರ ಬಗ್ಗೆ ಬರೆದರು. ಅವರಿಗಿಂತ ಬಹಳ ಮೊದಲೇ, 1903ರಲ್ಲಿ, ಉಡ್ನಿ ಯೂಲ್ ಗಮನಿಸಿದ್ದರು. ಹೆಸರು ಮಾತ್ರ ಸಿಂಪ್ಸನ್ನರಿಗೆ ಹೋಯಿತು.

ಇದೇ ಕಡತದಲ್ಲಿ ಇನ್ನೊಂದು ಬಲೆಯಿದೆ, ನೀವೇ ಬಿದ್ದು ನೋಡಿ. ಅಡ್ಡಗೆರೆಗೆ ದ್ವೀಪ, ಉದ್ದಗೆರೆಗೆ ತೂಕ ಇಡಿ. ಬಿಸ್ಕೋ ದ್ವೀಪದ ಪೆಂಗ್ವಿನ್‌ಗಳ ಸರಾಸರಿ 4,700 ಗ್ರಾಂ ದಾಟುತ್ತದೆ, ಉಳಿದೆರಡು ದ್ವೀಪಗಳಲ್ಲಿ 3,700ರ ಆಸುಪಾಸು. "ಬಿಸ್ಕೋದಲ್ಲಿ ಮೀನು ಜಾಸ್ತಿ ಸಿಗುತ್ತೆ" ಎಂದು ನಮ್ಮ ಗುಂಪಿನ ಒಬ್ಬಳು ತಕ್ಷಣ ಕಾರಣ ಕೊಟ್ಟಳು. ಕಾರಣ ಹೇಳುವುದರಲ್ಲಿ ನಾವೆಲ್ಲ ಎಷ್ಟು ಚುರುಕು! ಈಗ ಪ್ರಭೇದದ ಬಣ್ಣ ಹಾಕಿ. ಭಾರದ ಜೆಂಟೂಗಳು ಸಿಕ್ಕಿರುವುದು ಬಿಸ್ಕೋದಲ್ಲಿ ಮಾತ್ರ. ಮೂರೂ ದ್ವೀಪಗಳಲ್ಲಿರುವ ಅಡೇಲಿಗಳನ್ನಷ್ಟೇ ಉಳಿಸಿದರೆ ಬಿಸ್ಕೋದಲ್ಲಿ ಸರಾಸರಿ 3,710, ಟಾರ್ಗರ್ಸನ್‌ನಲ್ಲಿ 3,706, ಡ್ರೀಮ್‌ನಲ್ಲಿ 3,688 ಗ್ರಾಂ. ಮೀನಿನ ಕಥೆ ಅಲ್ಲಿಗೇ ಮುಗಿಯಿತು.

ಇಂಥ ಸರಾಸರಿ ತೆಗೆಯುವುದೂ ಇಲ್ಲಿ ಸುಲಭ. ಕೋಷ್ಟಕದಲ್ಲಿ ಪ್ರಭೇದ ಎಂಬ ಶೀರ್ಷಿಕೆಯನ್ನು ಎಡತುದಿಗೆ ಎಳೆದು ಬಿಟ್ಟರೆ ಕೋಷ್ಟಕ ಎರಡು ಹಂತವಾಗುತ್ತದೆ: ಎಡಕ್ಕೆ ಮೂರು ಪ್ರಭೇದಗಳು, ಬಲಕ್ಕೆ ಅವುಗಳ ಹಕ್ಕಿಗಳು. ಎಡಭಾಗದಲ್ಲಿ ಹೊಸ ಕಂಬ ಸೇರಿಸಿ ಸರಾಸರಿಯ ಸೂತ್ರ ಬರೆದರೆ ಪ್ರಭೇದಕ್ಕೆ ಒಂದರಂತೆ ಉತ್ತರ. ಎಕ್ಸೆಲ್‌ನ ಪಿವೋಟ್ ಟೇಬಲ್ ಜೊತೆ ಗುದ್ದಾಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಪೆಂಗ್ವಿನ್ ವಿಷಯದಲ್ಲಿ ತಪ್ಪಿದರೆ ಯಾರಿಗೇನು ನಷ್ಟ ಎಂದು ಕೇಳಬಹುದು. ಮ್ಯಾಡಂ ಆಗ ಹೇಳಿದ್ದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರಸಂಗ. 1973ರಲ್ಲಿ ಅಲ್ಲಿನ ಸ್ನಾತಕೋತ್ತರ ಪ್ರವೇಶಕ್ಕೆ 8,442 ಪುರುಷರು, 4,321 ಮಹಿಳೆಯರು ಅರ್ಜಿ ಹಾಕಿದ್ದರು. ಪುರುಷರಲ್ಲಿ ಸುಮಾರು ಶೇ. 44 ಮಂದಿಗೆ ಸೀಟು ಸಿಕ್ಕಿತು, ಮಹಿಳೆಯರಲ್ಲಿ ಶೇ. 35. ಹೆಣ್ಣುಮಕ್ಕಳಿಗೆ ಅನ್ಯಾಯ ಎಂದೇ ಯಾರಾದರೂ ಹೇಳುತ್ತಾರೆ. ಬಿಕಲ್, ಹ್ಯಾಮೆಲ್, ಓಕಾನೆಲ್ ಎಂಬ ಮೂವರು ವಿಭಾಗವಾರು ಬಿಡಿಸಿ ನೋಡಿ 1975ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಒಂದೊಂದೇ ವಿಭಾಗ ನೋಡಿದಾಗ ಆ ದೊಡ್ಡ ಅಂತರ ಕಾಣಲಿಲ್ಲ. ಒಂದು ದೊಡ್ಡ ವಿಭಾಗದಲ್ಲಂತೂ ಪುರುಷರಲ್ಲಿ ಶೇ. 62, ಮಹಿಳೆಯರಲ್ಲಿ ಶೇ. 82 ಮಂದಿಗೆ ಪ್ರವೇಶ ಸಿಕ್ಕಿತ್ತು. ಮಹಿಳೆಯರು ಹೆಚ್ಚಾಗಿ ಅರ್ಜಿ ಹಾಕಿದ್ದು ಯಾರಿಗೇ ಆದರೂ ಸೀಟು ಸಿಗುವುದು ಕಷ್ಟವಾಗಿದ್ದ ವಿಭಾಗಗಳಿಗೆ. ಹಾಗಾದರೆ ಅನ್ಯಾಯವೇ ಇರಲಿಲ್ಲವೇ? ನನ್ನ ಗೆಳತಿ ಅಲ್ಲೇ ಕೇಳಿದಳು: "ಹುಡುಗಿಯರು ಗಣಿತ ಬೇಕಿಲ್ಲದ ವಿಭಾಗಗಳಿಗೇ ಯಾಕೆ ಹೋದರು ಮ್ಯಾಡಂ? ಶಾಲೆಯಲ್ಲೇ ಅವರನ್ನ ಆ ಕಡೆ ತಿರುಗಿಸಿರಬಹುದಲ್ಲ?" ಆ ಮೂವರು ಸಂಶೋಧಕರೂ ಬೆರಳು ತೋರಿಸಿದ್ದು ಹೆಚ್ಚು ಕಡಿಮೆ ಆ ದಿಕ್ಕಿಗೇ. ಬಿಡಿಸಿ ನೋಡಿದಾಗ ಪ್ರಶ್ನೆ ಸಾಯಲಿಲ್ಲ, ಪ್ರವೇಶ ಸಮಿತಿಯ ಬಾಗಿಲಿನಿಂದ ಶಾಲೆಯ ಬಾಗಿಲಿಗೆ ಹೋಯಿತು.

ಇನ್ನು ನಮ್ಮ ಚೀಟಿಗಳು. ಅವನ್ನು ಕೋಡ್ಯಾಪ್‌ಗೆ ಹಾಕುವ ಕೆಲಸ ಪೆಂಗ್ವಿನ್‌ನಷ್ಟು ಸಲೀಸಾಗಿರಲಿಲ್ಲ. ಹಕ್ಕಿಯ ಕೊಕ್ಕನ್ನು ತಜ್ಞರು ಮಿಲಿಮೀಟರ್‌ನಲ್ಲಿ ಅಳೆದಿದ್ದರು. ನಮ್ಮವರು ತಮ್ಮ ಓದನ್ನು ತಮಗೆ ತೋಚಿದ ಹಾಗೆ ಅಳೆದಿದ್ದರು. ಒಬ್ಬಳು 2 ಎಂದು ಬರೆದರೆ ಇನ್ನೊಬ್ಬಳು ೨, ಮತ್ತೊಬ್ಬಳು "ಎರಡು ತಾಸು", ಮಗದೊಬ್ಬಳು "2-3". ಒಬ್ಬಳು "ಮೂಡ್ ಇದ್ದಷ್ಟು". ಐದಾರು ಚೀಟಿಗಳಲ್ಲಿ "ಮಗ್ರಿಬ್‌ನಿಂದ ಇಶಾವರೆಗೆ" ಎಂದಿತ್ತು. ಓದಿ ನಕ್ಕೆವು, ಆಮೇಲೆ ಸುಮ್ಮನಾದೆವು. ನಮ್ಮ ಮನೆಯಲ್ಲೂ ಓದಿನ ಹೊತ್ತು ಅದೇ. ಅದನ್ನು ಗಂಟೆಯಲ್ಲಿ ಎಷ್ಟೆಂದು ಬರೆಯುವುದು? ಮಸೀದಿಯ ವೇಳಾಪಟ್ಟಿ ನೋಡಿದರೆ ಆ ಎರಡು ಅಜಾನ್‌ಗಳ ನಡುವೆ ನಮ್ಮೂರಲ್ಲಿ ಸುಮಾರು ಒಂದೂಕಾಲು ಗಂಟೆ, ನಮಾಜಿನ ಹೊತ್ತನ್ನು ಕಳೆದರೆ ಒಂದು ಗಂಟೆ. ಹಾಗೆಂದು ನಾವೇ ತೀರ್ಮಾನಿಸದೆ ಆ ಐದಾರು ಮಂದಿಯನ್ನೇ ಹುಡುಕಿ ಕೇಳಿ ಬರೆದುಕೊಂಡೆವು. ಗ್ರಾಫ್ ಹಾಳೆಯಲ್ಲಿ ಚುಕ್ಕೆ ಹಾಕುವಾಗ ಇಂಥ ಚೀಟಿಗಳನ್ನೆಲ್ಲ ಸುಮ್ಮನೆ ಪಕ್ಕಕ್ಕಿಟ್ಟಿದ್ದೆವು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಯಂತ್ರ ಹೀಗೆ ಪಕ್ಕಕ್ಕಿಡುವುದಿಲ್ಲ, ಹಟ ಹಿಡಿಯುತ್ತದೆ. ಮೊದಲ ಸಲ ಇಂಪೋರ್ಟ್ ಮಾಡಿದಾಗ ಗಂಟೆಯ ಕಂಬವನ್ನು ಅದು ಸಂಖ್ಯೆಯೆಂದೇ ಒಪ್ಪಲಿಲ್ಲ. ೨ ಅದಕ್ಕೆ ಅಂಕಿಯಲ್ಲ, ಅಕ್ಷರ. ಅಡ್ಡಗೆರೆಯಲ್ಲಿ 1, 2, "ಎರಡು ತಾಸು", "ಮೂಡ್ ಇದ್ದಷ್ಟು" ಎಲ್ಲವೂ ಬೇರೆ ಬೇರೆ ಅಂಗಡಿಗಳ ಬೋರ್ಡಿನಂತೆ ಸಾಲಾಗಿ ನಿಂತವು. ಇಂಥ ಸಾಲು ಕಂಡರೆ ಕಂಬದಲ್ಲಿ ಎಲ್ಲೋ ಪದ ಸೇರಿಕೊಂಡಿದೆ ಎಂದು ತಿಳಿಯಿರಿ. ಗೆರೆಯ ಹೆಸರನ್ನು ಒತ್ತಿ ಅದನ್ನು ಸಂಖ್ಯೆಯಾಗಿ ಪರಿಗಣಿಸು ಎಂದು ಹೇಳುವ ಅವಕಾಶವಿದೆ. ಆದರೆ ಹಾಗೆ ಮಾಡಿದರೆ ಪದಗಳಿರುವ ಸಾಲುಗಳು ಗ್ರಾಫಿನಿಂದ ಸದ್ದಿಲ್ಲದೆ ಜಾರಿಹೋಗುತ್ತವೆ. ಕಡತವನ್ನೇ ತಿದ್ದುವುದು ಮೇಲು. "2-3" ಎಂದವರಿಗೆ 2.5 ಎಂದು ಬರೆದೆವು, ಹಾಗೆ ಬರೆದೆವೆಂದು ವರದಿಯಲ್ಲೂ ಹೇಳಿದೆವು. "ಮೂಡ್ ಇದ್ದಷ್ಟು" ಖಾಲಿ ಉಳಿಯಿತು. ಇನ್ನೊಂದು ಕಿವಿಮಾತು: ಕಡತದಲ್ಲಿ ಕನ್ನಡ ಅಕ್ಷರಗಳಿದ್ದರೆ ಎಕ್ಸೆಲ್‌ನಲ್ಲಿ ಉಳಿಸುವಾಗ ಸಿಎಸ್‌ವಿ ಯುಟಿಎಫ್-8 ಎಂಬ ಬಗೆಯನ್ನೇ ಆರಿಸಿ. ಇಲ್ಲದಿದ್ದರೆ "ವಾಣಿಜ್ಯ" ಎಂಬುದು ಪ್ರಶ್ನಾರ್ಥಕ ಚಿಹ್ನೆಗಳ ಮೆರವಣಿಗೆಯಾಗುತ್ತದೆ. ನಮಗೆ ಆಯಿತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಇದು ಅಂಕಿಯ ತಪ್ಪಲ್ಲ.

ಕಡತದಲ್ಲಿ ಹೆಸರಿನ ಕಂಬವೂ ಇತ್ತು. ಚೀಟಿ ಯಾರದೆಂದು ಹುಡುಕಲು ಅನುಕೂಲ ಎಂದು ನಾನೇ ಸೇರಿಸಿದ್ದೆ. ಕೋಡ್ಯಾಪ್‌ನಲ್ಲಿ ಗ್ರಾಫಿನ ಒಂದು ಚುಕ್ಕೆಯನ್ನು ಒತ್ತಿದರೆ ಕೋಷ್ಟಕದಲ್ಲಿ ಆ ಸಾಲು ಬಣ್ಣ ತಿರುಗಿ ಎದ್ದು ಕಾಣುತ್ತದೆ. ಈ ಆ್ಯಪ್‌ನ ಅತ್ಯಂತ ಒಳ್ಳೆಯ ಗುಣವೇ ಅದು, ಚುಕ್ಕೆಯ ಹಿಂದೆ ಯಾವ ಹಕ್ಕಿ ಇದೆಯೆಂದು ಕ್ಷಣದಲ್ಲಿ ತಿಳಿಯುತ್ತದೆ. ತರಗತಿಗೆ ತೋರಿಸುವ ದಿನ ಪ್ರೊಜೆಕ್ಟರ್ ಹಚ್ಚಿ, ಎಲ್ಲರಿಂದ ದೂರ ಕೆಳಗಿನ ಮೂಲೆಯಲ್ಲಿ ಒಂಟಿಯಾಗಿ ಕುಳಿತಿದ್ದ ಚುಕ್ಕೆಯನ್ನು "ಇದು ಯಾಕೋ ವಿಚಿತ್ರವಾಗಿದೆ, ನೋಡೋಣ" ಎಂದು ಉತ್ಸಾಹದಿಂದ ಒತ್ತಿದೆ. ಗೋಡೆಯ ಮೇಲೆ ನನ್ನದೇ ಬೆಂಚಿನ ಗೆಳತಿಯ ಹೆಸರು ಮೂಡಿತು. ದಿನಕ್ಕೆ ಆರು ಗಂಟೆ ಓದು. ಪಕ್ಕದಲ್ಲಿ ಅವಳು ಯಾರಿಗೂ ಹೇಳಿರದ ಅಂಕ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಾನು ಕಿಟಕಿ ಮುಚ್ಚುವಷ್ಟರಲ್ಲಿ ಎಲ್ಲರೂ ಓದಿಯಾಗಿತ್ತು.

ಒಂದು ವಾರ ಅವಳು ನನ್ನ ಜೊತೆ ಮಾತಾಡಲಿಲ್ಲ, ಬೇರೆ ಬೆಂಚಿಗೆ ಹೋದಳು. ಆಮೇಲೆ ಒಂದು ದಿನ ಬಸ್ ಸ್ಟಾಪಿನಲ್ಲಿ ತಾನಾಗಿ ಹೇಳಿದಳು: "ಆರು ಗಂಟೆ ಅಂದ್ರೆ ಪುಸ್ತಕ ತೆರೆದಿಟ್ಟ ಆರು ಗಂಟೆ. ದಾದಿ ಹಾಸಿಗೆ ಹಿಡಿದಿದ್ದಾರೆ. ಮಧ್ಯೆ ಹತ್ತು ಸಲ ಏಳಬೇಕು. ನಿನ್ನ ಚೀಟಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ." ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಆದ್ದರಿಂದ ನೀವು ಮನುಷ್ಯರ ದತ್ತಾಂಶ ಹಾಕುವಾಗ ಇಂಪೋರ್ಟ್ ಮಾಡುವ ಮೊದಲೇ ಹೆಸರು, ರೋಲ್ ನಂಬರ್, ಫೋನ್ ನಂಬರ್ ಅಳಿಸಿ. ಚೀಟಿಗೆ ಬೇರೆಯೇ ಕ್ರಮಸಂಖ್ಯೆ ಕೊಟ್ಟು, ಯಾವ ಸಂಖ್ಯೆ ಯಾರದೆಂಬ ಪಟ್ಟಿಯನ್ನು ಕಾಗದದಲ್ಲಿ ಬೇರೆ ಇಡಿ. ಹೆಸರಿಲ್ಲದಿದ್ದರೂ ಗುರುತು ಸಿಗಬಹುದು. ಕಲಾ ವಿಭಾಗದಲ್ಲಿ ದೂರದ ಊರಿನಿಂದ ಬರುವವಳು ಒಬ್ಬಳೇ ಇದ್ದರೆ ಊರಿನ ಕಂಬವೇ ಅವಳ ಹೆಸರು. ಕಡತವನ್ನು ಶೇರ್ ಮಾಡುವ ಕೊಂಡಿ ಸೃಷ್ಟಿಸಿದರೆ ಅದರ ಪ್ರತಿ ಅಂತರ್ಜಾಲಕ್ಕೆ ಹೋಗುತ್ತದೆ, ಕೊಂಡಿ ಸಿಕ್ಕವರೆಲ್ಲ ತೆರೆಯಬಹುದು. ಪೆಂಗ್ವಿನ್‌ಗಳಿಗೆ ಇದರಿಂದ ಬೇಸರವಿಲ್ಲ. ನಮಗಿದೆ.

ಹೆಸರು ಅಳಿಸಿ, ಅಂಕಿ ತಿದ್ದಿ ಮತ್ತೆ ಹಾಕಿದೆವು. ಒಟ್ಟು ರೇಖೆ ಈಗಲೂ ಇಳಿಯುತ್ತಿತ್ತು. ಎದೆ ಹೊಡೆದುಕೊಳ್ಳುತ್ತ ವಿಭಾಗ ಎಂಬ ಕಂಬವನ್ನು ಗ್ರಾಫಿನ ನಡುವೆ ಬಿಟ್ಟೆ. ವಿಜ್ಞಾನದವರು ಬಲಗಡೆ ಕೆಳಗೆ ಕುಳಿತಿದ್ದರು: ಹೆಚ್ಚು ಗಂಟೆ, ಕಡಿಮೆ ಅಂಕ. ಅವರ ಮಧ್ಯವಾರ್ಷಿಕ ಪತ್ರಿಕೆಗಳು ಎಷ್ಟು ಕಠಿಣವಾಗಿದ್ದವೆಂದು ಕಾಲೇಜಿಗೆಲ್ಲ ಗೊತ್ತು. ವಾಣಿಜ್ಯದವರು ಎಡಗಡೆ ಮೇಲೆ. ನಮ್ಮ ಜೆಂಟೂಗಳೂ ಅಡೇಲಿಗಳೂ ಒಂದೇ ಕ್ಯಾಂಟೀನಿನಲ್ಲಿ ಸಮೋಸ ತಿನ್ನುತ್ತಿದ್ದರು, ನಮಗೇ ಕಂಡಿರಲಿಲ್ಲ! ವಿಜ್ಞಾನವನ್ನಷ್ಟೇ ಉಳಿಸಿ ರೇಖೆ ಹಾಕಿದರೆ ಏರಿತು. ವಾಣಿಜ್ಯದ್ದೂ ಏರಿತು. ಕಲಾ ವಿಭಾಗದ್ದು ಹೆಚ್ಚು ಕಡಿಮೆ ಮಲಗಿಯೇ ಇತ್ತು. ಅಲ್ಲಿಂದ ಬಂದ ಚೀಟಿಗಳು ತೀರಾ ಕಡಿಮೆ, ಆದ್ದರಿಂದ ಅವರ ಬಗ್ಗೆ ಏನನ್ನೂ ಬರೆಯಲಿಲ್ಲ.

ಹಾಗೆಂದು "ಹೆಚ್ಚು ಓದಿದರೆ ಹೆಚ್ಚು ಅಂಕ" ಎಂಬ ಹೊಸ ಶೀರ್ಷಿಕೆಯನ್ನು ಕೆಂಪು ಪೆನ್ನಿನಲ್ಲಿ ಬರೆಯೋಣವೆಂದರೆ ಮ್ಯಾಡಂ ಅದಕ್ಕೂ ಒಪ್ಪಲಿಲ್ಲ. "ಗಂಟೆ ನೀವು ಅಳೆದದ್ದಲ್ಲ, ಅವರು ಹೇಳಿದ್ದು. ಪುಸ್ತಕ ತೆರೆದಿಟ್ಟ ಗಂಟೆಯೂ ಅದರಲ್ಲಿದೆ. ಇನ್ನೂ ಯಾವ ಬಣ್ಣ ಹಾಕಿ ನೋಡಬೇಕಿತ್ತು ಹೇಳಿ?" ಎಂದರು. ನಾವು ಪಟ್ಟಿ ಮಾಡಿದೆವು: ಹಾಸ್ಟೆಲ್ಲೋ ಮನೆಯೋ, ಬಸ್ಸಿನಲ್ಲಿ ಕಳೆಯುವ ಹೊತ್ತು, ಟ್ಯೂಷನ್, ಮನೆಯಲ್ಲಿ ನೋಡಿಕೊಳ್ಳಬೇಕಾದವರು ಇದ್ದಾರೆಯೇ. ಕೊನೆಯದನ್ನು ಬರೆದದ್ದು ನನ್ನ ಗೆಳತಿ, ಅವಳು ಆಗಲೇ ನಮ್ಮ ಗುಂಪಿಗೆ ಐದನೆಯವಳಾಗಿ ಸೇರಿದ್ದಳು. ಭಿತ್ತಿಪತ್ರಿಕೆಯಲ್ಲಿ ಕೊನೆಗೆ ಎರಡು ಗ್ರಾಫ್‌ಗಳನ್ನು ಅಕ್ಕಪಕ್ಕ ಅಂಟಿಸಿದೆವು, ಒಂದು ಬಣ್ಣವಿಲ್ಲದ್ದು, ಒಂದು ಬಣ್ಣದ್ದು. ಶೀರ್ಷಿಕೆಯ ಜಾಗದಲ್ಲಿ "ಎರಡೂ ಒಂದೇ ಚೀಟಿಗಳಿಂದ" ಎಂದಷ್ಟೇ ಬರೆದೆವು. ತಮ್ಮ ಮಾತ್ರ ಈಗಲೂ ಮೊದಲನೆಯ ಗ್ರಾಫಿನ ಫೋಟೋವನ್ನು ಅಮ್ಮೀಗೆ ತೋರಿಸುತ್ತಿರುತ್ತಾನೆ.

ಹೊಸ ಚೀಟಿಗಳು ಮುಂದಿನ ವಾರ ಪ್ರಥಮ ಪಿಯುಸಿಗೂ ಬರಲಿವೆ. ಗಂಟೆಯನ್ನು ದಯವಿಟ್ಟು ಅಂಕಿಯಲ್ಲೇ ಬರೆಯಿರಿ, ಹೆಸರು ಬರೆಯಬೇಡಿ. ಪೆಂಗ್ವಿನ್ ಕಡತ ಲ್ಯಾಬಿನ ಎಲ್ಲ ಕಂಪ್ಯೂಟರ್‌ಗಳ ಡೆಸ್ಕ್‌ಟಾಪಿನಲ್ಲಿದೆ. ಶನಿವಾರ ಕೊನೆಯ ಪೀರಿಯಡ್ ನಂತರ ಬನ್ನಿ. ಕಿಟಕಿ ಪಕ್ಕದ ಕಂಪ್ಯೂಟರ್ ಬೇಡ, ಅದರ ಮೌಸ್ ಹಿಡಿದದ್ದನ್ನು ನಡುದಾರಿಯಲ್ಲೇ ಬಿಟ್ಟುಬಿಡುತ್ತದೆ.